ಬಾರ್ಬೊರಾ ಮನೆಗೆ ಬಂದಳು

ವ್ಲಾಸ್ತಾ ಅಡುಗೆಮನೆಯ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದಾಗಲೆಲ್ಲ ಅವಳ ಗಂಡ ವೆಂಡೆಲೀನನ ಎದೆ ಧಸಕ್ಕೆನ್ನುತ್ತಿತ್ತು. ಹಳೆಯ ಕಾಯಿಲೆಯಲ್ಲ. ಯುದ್ಧ ಮುಗಿದ ಮೇಲೆ, ವ್ಲಾಸ್ತಾಳ ತಮ್ಮ ರಾಡಿಮ್ ಇನ್ನು ಬರುವುದಿಲ್ಲ ಎಂಬ ಸುದ್ದಿ ಬಂತಲ್ಲ, ಅವತ್ತಿನಿಂದ ಅಂಟಿಕೊಂಡದ್ದು. ಈಗೀಗ ಅವನು ಊಟಕ್ಕೆ ಮೊದಲೇ ಎದ್ದು ಹೋಗಿ, ತಾನೇ ಸೌದೆ ತುಂಬಿ, ಆ ಬಾಗಿಲನ್ನು ಮಲಗಿದ ಕೂಸಿಗೆ ಹೊದಿಸುವಷ್ಟು ಮೆಲ್ಲಗೆ ಮುಚ್ಚುತ್ತಿದ್ದ.

"ಮದುವೆಯಾದಾಗಿಂದ ಒಂದು ಸೌದೆ ಮುಟ್ಟಿದೋನಲ್ಲ," ಎಂದಳು ವ್ಲಾಸ್ತಾ. "ಈಗ ನೋಡು, ಒಲೆಗೆ ಲಾಲಿ ಹಾಡೋದೊಂದು ಬಾಕಿ."

ಅವನು ಇನ್ನೊಂದು ಸೌದೆ ತುರುಕಿದ. ಆ ಸದ್ದು ಯಾವುದರದೆಂದು ಹೇಳಿದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತಿತ್ತು.

ಅದು ಬಾರ್ಬೊರಾಳ ಸದ್ದು. ಬಾರ್ಬೊರಾ ಎಂದರೆ ಹೆಂಗಸಲ್ಲ, ಟ್ಯಾಂಕು ಒಡೆಯುವ ಫಿರಂಗಿ. ಕಾಮೆನ್ನಾ ಊರಿನ ಮೇಲಿನ ಗುಡ್ಡದಲ್ಲಿ, ಜರ್ಮನರ ಕಡೆಯ ಗಡಿ ಕಾಯಲು ನಮ್ಮವರು ಕಟ್ಟಿದ ಕಾಂಕ್ರೀಟು ಕೋಟೆಯೊಳಗೆ ಅವಳ ಠಿಕಾಣಿ. ಗಣಿಯವರನ್ನೂ ಫಿರಂಗಿಯವರನ್ನೂ ಕಾಯುವವಳು ಸಂತ ಬಾರ್ಬೊರಾ ಎಂದು ನಂಬಿಕೆ. ಹಾಗಾಗಿ ಗಡಿಯುದ್ದಕ್ಕೂ ಅರ್ಧಕ್ಕರ್ಧ ಫಿರಂಗಿಗಳಿಗೆ ಅದೇ ಹೆಸರು. ಹೆಸರಿಡುವ ವಿಷಯದಲ್ಲಿ ಸಿಪಾಯಿಗಳ ತಲೆ ಅಷ್ಟೇನೂ ಓಡುವುದಿಲ್ಲ. ಗುರಿ ಹಿಡಿಯುವವನು ವೆಂಡೆಲೀನ್, ಗುಂಡು ತುಂಬುವವನು ಅವನ ಬಾಮೈದ ರಾಡಿಮ್. ಗುಂಡನ್ನು ಒಳಗೆ ತಳ್ಳಿದೊಡನೆ ಫಿರಂಗಿಯ ಹಿಂಬಾಗಿಲು ತಾನಾಗಿಯೇ ಟಣ್ಣನೆ ಮುಚ್ಚಿಕೊಳ್ಳುತ್ತಿತ್ತು. ಅಭ್ಯಾಸಕ್ಕೆಂದು ಮರದ ಗುಂಡು ತುಂಬಿ ತೆಗೆದು, ತುಂಬಿ ತೆಗೆದು, ಆ ಟಣ್ಣು ಅವರಿಬ್ಬರ ಕಿವಿಯಲ್ಲಿ ಮನೆ ಮಾಡಿಕೊಂಡಿತ್ತು.

ಕಿಂಡಿಯ ಪಕ್ಕದ ಗೋಡೆಯ ಮೇಲೆ ಎದುರಿನ ಬಯಲಿನ ಚಿತ್ರ ಅಂಟಿಸಿತ್ತು. ಯಾವ ಗುರುತು ಎಷ್ಟು ದೂರ ಎಂದು ಅದರಲ್ಲಿ ಬರೆದಿರುತ್ತಿತ್ತು. ಗುಂಡು ಹಾರುವ ಹಾದಿಯಲ್ಲಿ ಎತ್ತರದ್ದೇನೂ ಇರಕೂಡದೆಂದು ನಿಯಮ. ಬೇಲಿ, ಕೊಟ್ಟಿಗೆ, ಮರ ಎಲ್ಲ ನೆಲಸಮವಾದವು. ಕೊನೆಗೆ ಉಳಿದದ್ದು ರಾಡಿಮನ ತಾಯಿ ಕಾರೊಲೀನಾಳ ಚೆರ್ರಿ ಮರ. ಡಿಸೆಂಬರಿನಲ್ಲಿ ಸಂತ ಬಾರ್ಬೊರಾಳ ಹಬ್ಬದ ದಿನ ಮದುವೆಯಾಗದ ಹುಡುಗಿಯರು ಚೆರ್ರಿಯ ರೆಂಬೆ ಮುರಿದು ತಂದು ನೀರಿನಲ್ಲಿಡುತ್ತಾರೆ. ಕ್ರಿಸ್ಮಸ್ಸಿಗೆ ಅದು ಹೂ ಬಿಟ್ಟರೆ ವರ್ಷದೊಳಗೆ ಮದುವೆ. ವ್ಲಾಸ್ತಾ ಇಟ್ಟ ರೆಂಬೆ ಹೂ ಬಿಟ್ಟಿತ್ತು, ಅದು ಈ ಮರದ್ದೇ. ಕ್ಯಾಪ್ಟನ್ ಕೊಡಲಿ ಕೊಟ್ಟು ಕಳಿಸಿದಾಗ ರಾಡಿಮ್ ಅಡ್ಡ ನಿಂತ.

"ಮರ ಕಡಿದ್ರೆ ನಮ್ಮ ಭಾವನಿಗೆ ದೂರ ಹೇಗೆ ಗೊತ್ತಾಗ್ಬೇಕು ಸಾರ್?" ಎಂದ. "ಚೆರ್ರಿ ಮರ, ನಾನೂರು ಮೀಟರು ಅಂತ ಚಿತ್ರದಲ್ಲಿ ಬರೆದುಬಿಡಿ. ಟ್ಯಾಂಕು ಮರದ ಹತ್ರ ಬಂದ್ರೆ ಹೊಡಿ ಅಂತ ಅರ್ಥ. ಅಷ್ಟು ಸುಲಭ ಮಾಡಿಕೊಡದೇ ಇದ್ರೆ ಅವನು ಅಳತೆ ಮಾಡ್ತಾನೇ ಕೂತಿರ್ತಾನೆ."

ಕ್ಯಾಪ್ಟನ್ ನಕ್ಕುಬಿಟ್ಟ. ಮರ ಉಳಿಯಿತು. ಆ ಖುಷಿಗೆ ರಾಡಿಮ್ ಒಂದು ಮೊಳೆ ತೆಗೆದುಕೊಂಡು ಬಾರ್ಬೊರಾಳ ಹಿಂಬಾಗಿಲ ಪಕ್ಕದ ಉಕ್ಕಿನ ಮೇಲೆ ಒಂದೇ ತೊಟ್ಟಿನ ಎರಡು ಚೆರ್ರಿ ಹಣ್ಣು ಕೆತ್ತಿದ. ಸರ್ಕಾರಿ ಸ್ವತ್ತಿಗೆ ಗೀರು ಹಾಕಿದ್ದಕ್ಕೆ ವೆಂಡೆಲೀನ್ ಅವನೊಂದಿಗೆ ಒಂದು ವಾರ ಮಾತು ಬಿಟ್ಟಿದ್ದ. ಅಂಥ ಮನುಷ್ಯ.

ಸಾವಿರದ ಒಂಬೈನೂರ ಮೂವತ್ತೆಂಟರ ಶರತ್ಕಾಲದಲ್ಲಿ ದೇಶಕ್ಕೆ ದೇಶವೇ ಬಂದೂಕು ಹಿಡಿದು ಗಡಿಗೆ ಬಂತು. ಕೋಟೆಯೊಳಗೆ ಹುಡುಗರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಅಲ್ಲಿ ಮ್ಯೂನಿಕ್ಕಿನಲ್ಲಿ ದೊಡ್ಡ ಮನುಷ್ಯರು ಕೂತು, ನಮ್ಮವರನ್ನು ಬಾಗಿಲಾಚೆ ನಿಲ್ಲಿಸಿ, ನಕ್ಷೆಯ ಮೇಲೊಂದು ಗೆರೆ ಎಳೆದು, ನಮ್ಮ ಗಡಿನಾಡನ್ನು ಜರ್ಮನರಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡರು. ಕೋಟೆ ಗೆರೆಯ ಆಚೆಗೆ ಹೋಯಿತು, ಕಾಮೆನ್ನಾ ಈಚೆಗೆ ಉಳಿಯಿತು. ಕೋಟೆಯನ್ನು ಹಾಳುಮಾಡದೆ ಒಪ್ಪಿಸಿ, ಫಿರಂಗಿಗಳನ್ನು ಬಿಚ್ಚಿ ರೈಲಿನಲ್ಲಿ ಒಳನಾಡಿನ ಉಗ್ರಾಣಕ್ಕೆ ಕಳಿಸಿ ಎಂದು ಹುಕುಂ ಬಂತು. ಒಂದು ಗುಂಡನ್ನೂ ಹಾರಿಸಿರಲಿಲ್ಲ. ಮೀಸೆ ಹೊತ್ತ ಗಂಡಸರು ಗೋಡೆಗೆ ಮುಖವಿಟ್ಟು ಅತ್ತರು.

ವೆಂಡೆಲೀನ್ ಅಳಲಿಲ್ಲ, ಕೆಲಸಕ್ಕೆ ನಿಂತ. ಊರಿನಲ್ಲಿ ಅವನದು ಬೀಗದ ಕೆಲಸ. ಒಳಗೆ ಒಂದು ಸ್ಪ್ರಿಂಗು ಕಡಿಮೆಯಿರುವ ಬೀಗವನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಬಾರ್ಬೊರಾಳನ್ನು ಪೀಠದಿಂದ ಇಳಿಸಿ ಹಿಂಬಾಗಿಲು ಜೋಡಿಸುವಾಗ ಕೈಗೇ ಗೊತ್ತಾಯಿತು, ಒಳಗೇನೋ ಇಲ್ಲ ಎಂದು. ಇಲ್ಲದ್ದು ಫೈರಿಂಗ್ ಪಿನ್ನು. ಗುಂಡಿನ ಬೆನ್ನಿಗೆ ಬಡಿದು ಕಿಡಿ ಹೊತ್ತಿಸುವ ಬೆರಳುದ್ದದ ಉಕ್ಕು. ಅದಿಲ್ಲದಿದ್ದರೆ ಫಿರಂಗಿ ಬರಿಯ ಕೊಳವೆ.

"ರಾಡಿಮ್, ಪಿನ್ನೆಲ್ಲಿ?"

"ಬಾವಿಗೆ ಹಾಕೋಣ ಭಾವ. ಕೋಟೆ ಬಾವಿ ಎಷ್ಟು ಆಳ ಅಂತ ನಿಂಗೇ ಗೊತ್ತು. ಯಾರ ಕೈಗೂ ಸಿಗಲ್ಲ."

"ತಲೆ ಕೆಟ್ಟಿದ್ಯಾ? ಇವಳನ್ನೇನು ಜರ್ಮನರಿಗೆ ಕೊಡ್ತಿದ್ದೀವಾ? ನಮ್ಮ ಉಗ್ರಾಣಕ್ಕೆ ಹೋಗ್ತಾಳೆ. ನಾಳೆ ಮತ್ತೆ ಕರೆದ್ರೆ ಏನಿಟ್ಕೊಂಡು ಹೊಡೀತೀಯ, ಕವಣೆ ಕಲ್ಲಾ?"

"ಮನೆ ಬಿಟ್ಟುಕೊಟ್ಟೋರು ಉಗ್ರಾಣ ಇಟ್ಕೋತಾರಾ? ಕೊಲ್ಲು ಭಾವ ಇವಳನ್ನ. ನಮ್ಮ ಕೈಯಲ್ಲೇ ಸಾಯ್ಲಿ."

ವೆಂಡೆಲೀನ್ ಎದ್ದ. ನೇರ ಬಂದು ರಾಡಿಮನ ಅಂಗಿಯ ಜೇಬಿಗೆ ಕೈ ಹಾಕಿದ, ಪಿನ್ನು ತೆಗೆದ, ತೋಳಿಗೆ ಒರೆಸಿ ಅದರ ಜಾಗದಲ್ಲಿಟ್ಟ. ಆಮೇಲೆ ಕೊಳವೆಯೊಳಗೂ ಹೊರಗೂ ದಪ್ಪಗೆ ಗ್ರೀಸು ಬಳಿದು, ಮೇಣದ ಬಟ್ಟೆ ಸುತ್ತಿ, ದಾರ ಕಟ್ಟಿದ. ರಾಡಿಮ್ ಮೆಟ್ಟಿಲ ಮೇಲೆ ಕೂತು ಸಾಸೇಜು ಕಚ್ಚುತ್ತ ನೋಡುತ್ತಿದ್ದ.

"ಹೆಣ್ಣು ಕಳಿಸಿಕೊಡೋ ಮನೆಯಲ್ಲೂ ಇಷ್ಟು ಸಿಂಗಾರ ಮಾಡಲ್ಲಪ್ಪ," ಎಂದ.

ರಾಡಿಮ್ ಹೇಳಿದ್ದೇ ಆಯಿತು. ಮುಂದಿನ ಮಾರ್ಚಿನ ಒಂದು ಹಿಮ ಬೀಳುವ ಬೆಳಗ್ಗೆ ಜರ್ಮನರು ಉಳಿದ ದೇಶವನ್ನೂ ನುಂಗಿದರು; ಉಗ್ರಾಣದ ಬೀಗದ ಕೈಯನ್ನು ನಮ್ಮವರೇ ಕೊಟ್ಟರು. ಬೇಸಗೆಯಲ್ಲಿ ರಾಡಿಮ್ ಕಾಡಿನ ಹಾದಿಯಲ್ಲಿ ಪೋಲೆಂಡಿಗೆ ದಾಟಿಕೊಂಡ. ಅಲ್ಲಿಂದ ಫ್ರಾನ್ಸು, ಇಂಗ್ಲೆಂಡು; ಅಲ್ಲಿ ನಮ್ಮವರೇ ಕಟ್ಟಿದ ಟ್ಯಾಂಕು ಪಡೆ ಸೇರಿದ. ನಲವತ್ನಾಲ್ಕರ ಅಕ್ಟೋಬರಿನಲ್ಲಿ ಆ ಪಡೆ ಡಂಕರ್ಕ್ ಎಂಬ ಫ್ರಾನ್ಸಿನ ಸಮುದ್ರತೀರದ ಊರಿನಲ್ಲಿ ಜರ್ಮನರನ್ನು ಸುತ್ತುಗಟ್ಟಿ ನಿಂತಿತ್ತು. ಇಪ್ಪತ್ತೆಂಟನೇ ತಾರೀಖು, ನಮ್ಮ ರಾಷ್ಟ್ರದ ಹಬ್ಬದ ದಿನ, ಹುಡುಗರು ಹುರುಪಿನಿಂದ ಮುನ್ನುಗ್ಗಿದರು. ರಾಡಿಮನ ಟ್ಯಾಂಕು ಹೊತ್ತಿ ಉರಿಯಿತು. ಕಾಮೆನ್ನಾಕ್ಕೆ ಗೊತ್ತಾದದ್ದು ಅಷ್ಟೇ.

ಯುದ್ಧ ಮುಗಿದ ವರ್ಷದ ಸೆಪ್ಟೆಂಬರಿನಲ್ಲಿ, ಪಕ್ಕದ ಊರಿನ ಟೊಬಿಯಾಷ್ ಎಂಬ ಟ್ಯಾಂಕು ಸಿಪಾಯಿ ಒಂದು ಫಿರಂಗಿಯನ್ನು ರೈಲಿನಲ್ಲಿ ತಂದಿಳಿಸಿದ. ಡಂಕರ್ಕಿನ ಜರ್ಮನರ ಕಾಂಕ್ರೀಟು ಗೂಡಿನಲ್ಲಿ ಸಿಕ್ಕಿದ್ದು. ಬೂದು ಬಣ್ಣದ ಕೆಳಗೆ ನೋಡಿದರೆ ನಮ್ಮ ಭಾಷೆಯ ಅಕ್ಷರ! ನಮ್ಮ ಕೋಟೆಗಳಿಗೆಂದೇ ಮಾಡಿದ, ಜರ್ಮನರು ಉಗ್ರಾಣದಿಂದ ಹೊತ್ತೊಯ್ದ ಫಿರಂಗಿ. ರಾಡಿಮನ ಊರಿನಲ್ಲಿರಲಿ ಎಂದು ತಂದಿದ್ದ. ಊರ ಸಮಿತಿಯ ಅಧ್ಯಕ್ಷ, ಕಸಾಯಿ ಅಂಗಡಿಯ ಕುಬೀಚೆಕ್, ಕುಣಿದಾಡುವುದೊಂದು ಬಾಕಿ.

"ಮುಂದಿನ ತಿಂಗಳು ಇಪ್ಪತ್ತೆಂಟನೇ ತಾರೀಖು ಚೌಕದಲ್ಲಿ ನಿಲ್ಲಿಸೋಣ," ಎಂದ ಅವನು ವೆಂಡೆಲೀನನ ಹೆಗಲ ಮೇಲೆ ಕೈಯಿಟ್ಟು. "ರಾಡಿಮನ ವರ್ಷದ ದಿನವೂ ಅದೇ. ನೀನು ಒರೆಸಿ ಬಣ್ಣ ಬಳಿ. ಗುಂಡಿಲ್ಲದ, ಬರೀ ಮದ್ದು ತುಂಬಿದ ತೋಟಾ ಒಂದು ತರಿಸ್ತೀನಿ. ಮೂವತ್ತೆಂಟರಲ್ಲಿ ಹೊಡೀದೆ ಉಳಿದದ್ದನ್ನ ನೀನೇ ಹೊಡೆದುಬಿಡು. ಊರು ಏಳು ವರ್ಷದಿಂದ ಆ ಸದ್ದಿಗೆ ಕಾದಿದೆ ಕಣಯ್ಯ."

ವೆಂಡೆಲೀನ್ ತಲೆಯಾಡಿಸಿದ. ಗಡಿಯಲ್ಲಿ ಇಂಥ ಫಿರಂಗಿಗಳು ಎಷ್ಟೋ ಇದ್ದವು, ಇದು ಯಾರದೋ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಫಿರಂಗಿಯನ್ನು ಅಗ್ನಿಶಾಮಕದವರ ಕೊಟ್ಟಿಗೆಯಲ್ಲಿ ತೊಲೆಗಳ ಮೇಲೆ ಕೂರಿಸಿದ್ದರು. ಮರುದಿನ ಮಧ್ಯಾಹ್ನ ಅವನು ಕೆರೆಯುವ ಉಳಿ ಹಿಡಿದು ಹೋದಾಗ ಟೊಬಿಯಾಷ್ ಅಲ್ಲೇ ಇದ್ದ. ಅವನ ಎರಡೂ ಅಂಗೈ ಸುಟ್ಟು ನಯವಾಗಿದ್ದವು, ಸಿಗರೇಟು ಹಿಡಿಯಲೂ ಒದ್ದಾಡುತ್ತಿದ್ದ.

"ಕೊಳವೆಯೊಳಗೆ ನೋಡಣ್ಣ," ಎಂದ ಟೊಬಿಯಾಷ್. "ಅಷ್ಟು ವರ್ಷ ಉಪ್ಪುಗಾಳಿ ಕುಡಿದಿದೆ. ಒಂದು ಕಲೆ ಇಲ್ಲ. ಮೊದಲು ಯಾರು ನೋಡ್ಕೊಂಡ್ರೋ, ಒಳ್ಳೆ ಕೈ."

ವೆಂಡೆಲೀನ್ ಕೊಳವೆಯಿಂದ ಹಿಂದೆ ಸರಿದ. ಮಾತು ಬೇರೆಡೆಗೆ ತಿರುಗಿಸಲೆಂದು ಕೊಳವೆಯ ಮೇಲಿನ ಬಿಳಿ ಬಳೆಗಳನ್ನು ತೋರಿಸಿದ. ಬಣ್ಣದಲ್ಲಿ ಎಳೆದ ಮೂರು ಬಳೆ.

"ಇವೇನು?"

"ಹೊಡೆದ ಒಂದೊಂದು ಟ್ಯಾಂಕಿಗೆ ಒಂದು," ಎಂದ ಟೊಬಿಯಾಷ್. ಸಿಗರೇಟನ್ನು ಕಾಲಿನಿಂದ ಹೊಸಕಿದ. "ಊರಲ್ಲಿ ಯಾರಿಗೂ ಹೇಳಿಲ್ಲ. ನೀನು ಅವನ ಭಾವ, ನಿಂಗೆ ಹೇಳ್ತೀನಿ. ನಡುವಿನದು ರಾಡಿಮನದು. ನಾನು ಹಿಂದಿನ ಟ್ಯಾಂಕಲ್ಲಿದ್ದೆ, ಆ ಗೂಡಿಂದ ಹೊಡೆದದ್ದು ಕಣ್ಣಾರೆ ನೋಡಿದೀನಿ. ಅವನನ್ನ ಹೊರಗೆ ಎಳೆಯೋಕೆ ಹೋದೆ. ಅದಕ್ಕೇ ಈ ಕೈ."

"ಅಂಥದನ್ನ ಇಲ್ಲಿಗ್ಯಾಕೆ ತಂದೆ?"

"ಒಡೆದು ಪುಡಿ ಮಾಡ್ಬೇಕು ಅಂತಾನೇ ಒಳಗೆ ಹೋಗಿದ್ವಿ. ನೋಡಿದ್ರೆ 'ತೆರೆ', 'ಮುಚ್ಚು' ಅಂತ ನಮ್ಮ ಭಾಷೇಲಿ ಬರೆದಿದೆ. ಸುತ್ತಿಗೆ ಎತ್ತಿದ ಕೈ ಕೆಳಗೆ ಬಂತು. ಒಡೆಯೋಕೂ ಆಗ್ಲಿಲ್ಲ, ಬಿಟ್ಟು ಬರೋಕೂ ಆಗ್ಲಿಲ್ಲ. ತಪ್ಪು ಮಾಡಿದ್ನಾ?"

ವೆಂಡೆಲೀನ್ ಉಳಿಯ ಅಲಗು ಒರೆಸಿದ. ಟೊಬಿಯಾಷ್ ಹೋದ ಮೇಲೆ ಅವನು ಹಿಂಬಾಗಿಲ ಪಕ್ಕದ ಬೂದು ಬಣ್ಣವನ್ನೇ ದಿಟ್ಟಿಸುತ್ತ ಬಹಳ ಹೊತ್ತು ನಿಂತ. ಕೆರೆಯದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ತನಗೂ. ಆದರೆ ಅವನ ಕೈ ಅಂಥದ್ದಲ್ಲ. ಬಣ್ಣ ಸಿಪ್ಪೆಯಾಗಿ ಎದ್ದಿತು. ಮೊದಲು ತೊಟ್ಟು ಕಂಡಿತು, ಆಮೇಲೆ ಒಂದು ಹಣ್ಣು, ಆಮೇಲೆ ಇನ್ನೊಂದು.

ಅವನು ತೊಲೆಯ ಮೇಲೆಯೇ ಕೂತ. ಗಾಳಿಯೇನೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ, ಆದರೂ ಹಿಂಬಾಗಿಲು ಮುಚ್ಚಿದ ಟಣ್ಣು ಕೇಳಿಸಿತು. ಕಣ್ಣು ಮುಚ್ಚಿದರೆ ಗುರಿಯ ಗಾಜು, ಗಾಜಿನೊಳಗೆ ಚೆರ್ರಿ ಮರ, ನಾನೂರು ಮೀಟರು. ಮರದ ಹಿಂದಿನಿಂದ ಟ್ಯಾಂಕು ಬರುತ್ತಿತ್ತು. ಅದರ ಮೇಲ್ಮುಚ್ಚಳ ತೆರೆದು ರಾಡಿಮ್ ಎದೆಯವರೆಗೆ ಮೇಲೆ ಬಂದು, ಸಾಸೇಜು ಕಚ್ಚುತ್ತ, ಇತ್ತಲೇ ನೋಡುತ್ತಿದ್ದ. ಅವತ್ತಿನಿಂದ ಒಲೆಯ ಬಾಗಿಲು ಬೇಕಾಗಲಿಲ್ಲ. ಬೀಗಕ್ಕೆ ಕೈ ಹಾಕಿದರೂ, ಚರ್ಚಿನ ಬಾಗಿಲು ಮುಚ್ಚಿದರೂ ಅದೇ ಮರ, ಅದೇ ಟ್ಯಾಂಕು, ಅದೇ ಮುಖ.

ಜರ್ಮನರಿಗೆ ಒಂದು ಪಿನ್ನು ಮಾಡಿಕೊಳ್ಳುವುದು ಅರ್ಧ ದಿನದ ಕೆಲಸ, ಇಂಥ ಸಾವಿರ ಪಿನ್ನು ಮಾಡಿಕೊಳ್ಳುತ್ತಿದ್ದರು ಎಂದು ಬುದ್ಧಿ ಹೇಳುತ್ತಿತ್ತು. ಬುದ್ಧಿ ಹೇಳಿದ್ದು ನಿಜವೇ. ಆದರೂ ಆ ಜೇಬಿಗೆ ಹೋದದ್ದು ಅವನ ಕೈ, ತೋಳಿಗೆ ಒರೆಸಿ ಇಟ್ಟದ್ದು ಅವನ ಕೈ. ಅದನ್ನು ಯಾವ ಬುದ್ಧಿ ಬಂದು ತೊಳೆಯಬೇಕು?

ಮೂರು ಬಳೆಗಳ ಮೇಲೆ ಅವತ್ತೇ ಹಸಿರು ಬಣ್ಣ ಬಳಿದುಬಿಟ್ಟ. ಸಂಜೆ ವ್ಲಾಸ್ತಾ ಗಸಗಸೆಯ ಬನ್ನು ಕಟ್ಟಿಕೊಂಡು ಬಂದಳು. ಒದ್ದೆ ಬಣ್ಣದ ಕೆಳಗೆ ಬಿಳಿ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅವಳು ಅದನ್ನೂ ನೋಡಿದಳು, ಕೆರೆದ ಜಾಗದ ಚೆರ್ರಿಗಳನ್ನೂ ನೋಡಿದಳು, ಬೆರಳಿನಿಂದ ಒಂದು ಸಲ ಸವರಿದಳು.

"ನಮ್ಮವಳೇ?"

"ಹೂಂ."

"ಈ ಬಿಳಿ ಏನು?"

"ಹಳೇ ಬಣ್ಣ."

ಅವಳು ಬನ್ನಿನ ಗಂಟನ್ನು ತೊಲೆಯ ಮೇಲಿಟ್ಟು ಹೋದಳು.

ತಾನು ಹೊಡೆಯುವುದಿಲ್ಲ ಎಂದು ಕುಬೀಚೆಕ್‌ಗೆ ಹೇಳಬಹುದಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಕೇಳುವವರ ಸಾಲಿನಲ್ಲಿ ಮೊದಲು ನಿಲ್ಲುವವಳು ಅತ್ತೆ ಕಾರೊಲೀನಾ. ಮಗನ ಸುದ್ದಿ ಬಂದ ಮೇಲೆ ಮುದುಕಿಯ ಕಿವಿ ಪೂರಾ ಮಂದವಾಗಿತ್ತು. ಹಬ್ಬದ ಮಾತೆತ್ತಿದರೆ ಮಾತ್ರ ಮುಖ ಅರಳುತ್ತಿತ್ತು.

"ಗುಡುಗು ಕೇಳಲ್ಲ, ಗಂಟೆ ಕೇಳಲ್ಲ ನಂಗೆ," ಎಂದಿದ್ದಳು ಅಳಿಯನಿಗೆ. "ಫಿರಂಗಿ ಕೇಳೀತು. ನನ್ನ ಮಗ ಎರಡು ವರ್ಷ ಅದರ ಪಕ್ಕ ಮಲಗಿದ್ದ. ಅದರ ದನಿ ಒಂದು ಸಲ ಕೇಳಿಬಿಡ್ತೀನಪ್ಪ. ಸರಿಯಾಗಿ ಹೊಡೀಬೇಕು ನೋಡು."

ಹಾಗಾಗಿ ಅವನು ಹೂಂ ಎನ್ನುತ್ತಲೇ ಬಂದ. ರಾಡಿಮ್ ಸತ್ತ ದಿನವೇ, ರಾಡಿಮನನ್ನು ಕೊಂದ ಫಿರಂಗಿಯನ್ನು, ರಾಡಿಮನ ತಾಯಿಯ ಎದುರಿಗೆ, ರಾಡಿಮನ ಭಾವ ಹೊಡೆಯಬೇಕು. ಕೇಳಿಸಿಕೊಳ್ಳಲು ಕಾದವಳು ಆ ತಾಯಿಯೇ. ದೇವರು ಇಂಥ ಲೆಕ್ಕ ಹಾಕುತ್ತಾನೆಂದರೆ ಅವನ ಜೊತೆಗೂ ಒಂದು ವಾರ ಮಾತು ಬಿಡಬೇಕು.

ಇಪ್ಪತ್ತೆಂಟರ ಬೆಳಗ್ಗೆ ಚೌಕದ ತುಂಬ ಜನ. ಬ್ಯಾಂಡಿನವರು ಕಹಳೆ ಒರೆಸುತ್ತಿದ್ದರು. ಬಾರ್ಬೊರಾ ಹಸಿರಾಗಿ ಹೊಳೆಯುತ್ತ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಳು. ಜರ್ಮನರು ಮದ್ದಿನ ಪರೀಕ್ಷೆಗೆಂದು ಒಡೆದು ಬಿಟ್ಟ ಕೋಟೆ ಗುಡ್ಡದ ಮೇಲೆ ಕಾಣುತ್ತಿತ್ತು. ಚೆರ್ರಿ ಮರವಿದ್ದ ಕಡೆ ಏನೂ ಇರಲಿಲ್ಲ.

ಬೇಕರಿಯ ಸಂದಿಯಲ್ಲಿ ವ್ಲಾಸ್ತಾ ಗಂಡನನ್ನು ನಿಲ್ಲಿಸಿ ಕೋಟು ಸರಿಮಾಡಿದಳು. ಕಾಲರು ಮಡಿಸಿದಳು, ಧೂಳು ಕೊಡವಿದಳು. "ಮುಖ ಬೆವತಿದೆ, ಕರವಸ್ತ್ರ ಎಲ್ಲಿ?" ಎನ್ನುತ್ತ ಅವನು ತಡೆಯುವ ಮೊದಲೇ ಜೇಬಿಗೆ ಕೈ ಹಾಕಿದಳು.

ಕೈ ಅಲ್ಲೇ ನಿಂತಿತು. ಬೆರಳುದ್ದದ ತಣ್ಣನೆಯ ಉಕ್ಕು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ, ಒಳಗೇ ಮುಟ್ಟಿ ನೋಡಿದಳು.

"ಅವತ್ತು ರಾಡಿಮನ ಜೇಬಿಂದ ತೆಗೆದದ್ದು ಇದೇ ತಾನೆ?" ಎಂದಳು.

ವೆಂಡೆಲೀನ್ ಅವಳ ಮಣಿಕಟ್ಟು ಹಿಡಿದ.

"ಪೋಲೆಂಡಿಗೆ ಹೊರಟ ದಿನ ಅವನೇ ಹೇಳಿದ್ದ. ನಿನ್ನ ಗಂಡ ಸುಂಕದವನ ಹಾಗೆ ನನ್ನ ಜೇಬು ತಡಕಿದ ಕಣೇ ಅಂತ. ನಗ್ತಾನೇ ಹೇಳಿದ್ದ. ಬಿಳಿ ಬಳೆ ಏನು ಅಂತ ಟೊಬಿಯಾಷನ್ನ ಕೇಳ್ದೆ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ನಿನ್ನ ಹಾಗೇ."

"ವ್ಲಾಸ್ತಾ, ನಾನು..."

"ಅಮ್ಮ ಆ ಸದ್ದಿಗೆ ಎಷ್ಟು ಕಾದಿದ್ದಾಳೆ ಗೊತ್ತಲ್ಲ? ಊರು ಮುಖಕ್ಕೆ ಉಗಿಯುತ್ತೆ."

"ಗೊತ್ತು."

ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು, ಎರಡನ್ನೂ ಅವಳು ಮುಚ್ಚಿಡಲಿಲ್ಲ. ಕೈಯನ್ನು ಜೇಬಿನಿಂದ ಬರಿದಾಗಿಯೇ ತೆಗೆದಳು. ಆಮೇಲೆ ಜೇಬಿನ ಮೇಲುಪಟ್ಟಿ ಇಳಿಸಿ ಗುಂಡಿ ಹಾಕಿದಳು, ಭದ್ರವಾಗಿದೆಯೇ ಎಂದು ಒಂದು ಸಲ ಎಳೆದು ನೋಡಿದಳು.

"ಹೋಗು," ಎಂದಳು.

ಕುಬೀಚೆಕ್‌ನ ಭಾಷಣ ಉದ್ದವಾಗಿತ್ತು. ಒಂದೂ ಗುಂಡು ಹಾರಿಸಲು ಬಿಡದೆ ನಮ್ಮ ಕೈ ಕಟ್ಟಿದರು, ಇವತ್ತು ಈ ಫಿರಂಗಿ ಮಾತಾಡುತ್ತದೆ ಎಂದ. ಜನ ಚಪ್ಪಾಳೆ ತಟ್ಟಿದರು. ವೆಂಡೆಲೀನ್ ತೋಟಾ ತುಂಬಿದ. ಹಿಂಬಾಗಿಲು ಟಣ್ಣನೆ ಮುಚ್ಚಿತು, ಈ ಸಲ ನಿಜವಾಗಿ. ಗುರಿಯ ಗಾಜಿಗೆ ಕಣ್ಣಿಟ್ಟ. ಬರಿ ಬಯಲು ಕಂಡಿತು. ಬ್ಯಾಂಡು ನಿಂತಿತು, ಹೆಂಗಸರು ಕಿವಿ ಮುಚ್ಚಿಕೊಂಡರು, ಕುಬೀಚೆಕ್ ಟೋಪಿ ಬೀಸಿದ. ವೆಂಡೆಲೀನ್ ಎಳೆದ.

ಏನೂ ಆಗಲಿಲ್ಲ.

ಇನ್ನೊಮ್ಮೆ ಎಳೆದ. ಒಳಗೆಲ್ಲೋ ಸ್ಪ್ರಿಂಗು ಸರಿದ ಸದ್ದು ಬಿಟ್ಟರೆ ಮತ್ತೇನಿಲ್ಲ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ನಗು ಚೌಕದ ಉದ್ದಕ್ಕೂ ಹರಡಿತು.

"ಮೂವತ್ತೆಂಟರಲ್ಲೂ ಇದೇ ಕಥೆ, ಈಗಲೂ ಇದೇ ಕಥೆ," ಎಂದು ಯಾರೋ ಕೂಗಿದರು.

"ಅನುಮತಿ ಬಂದಿಲ್ವೇನೋ, ಮ್ಯೂನಿಕ್ಕಿಗೆ ತಂತಿ ಕೊಡಿ."

ಕುಬೀಚೆಕ್‌ನ ಮುಖ ಅವನ ಅಂಗಡಿಯ ಮಾಂಸಕ್ಕಿಂತ ಕೆಂಪಾಗಿತ್ತು. "ನೀನೇನು ಬೀಗದವನೋ, ಬೂದಿ ಬಳಿಯೋನೋ?" ಎಂದು ಹಲ್ಲು ಕಡಿದ. ವೆಂಡೆಲೀನ್ ತೋಟಾ ಹೊರತೆಗೆದು, ಟೋಪಿ ಕೈಯಲ್ಲಿ ಹಿಡಿದು, ಅಷ್ಟೂ ನಗುವನ್ನು ನಿಂತು ತೆಗೆದುಕೊಂಡ. ನಗದೆ ನಿಂತವನು ಟೊಬಿಯಾಷ್ ಒಬ್ಬ.

ಮುಂದಿನ ಕುರ್ಚಿಯಲ್ಲಿ ಕಾರೊಲೀನಾ ಕಣ್ಣು ಬಿಗಿಯಾಗಿ ಮುಚ್ಚಿ, ಕುತ್ತಿಗೆ ಚಾಚಿ, ಇನ್ನೂ ಕಾಯುತ್ತಿದ್ದಳು. ಆಮೇಲೆ ಕಣ್ಣು ತೆರೆದು ಮಗಳ ತೋಳು ಹಿಡಿದಳು.

"ಹೊಡೀತಾ? ನಂಗೆ ಕೇಳಿಸ್ಲಿಲ್ಲ."

ವ್ಲಾಸ್ತಾ ಬಗ್ಗಿ, ತಾಯಿಯ ಕಿವಿಗೆ ಬಾಯಿಟ್ಟು, ಚೌಕಕ್ಕೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಇಲ್ಲಮ್ಮ. ಈ ಸಲ ಹೊಡೀಲಿಲ್ಲ."

ಮುದುಕಿ ಹಸಿರು ಫಿರಂಗಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹೋಗ್ಲಿ ಬಿಡು," ಎಂದಳು. "ಪಾಪದ್ದು. ಅದು ಯಾವತ್ತೂ ಯಾರ ಮೇಲೂ ಹೊಡೆದದ್ದಲ್ಲ. ಅದಕ್ಕೇನು ಗೊತ್ತು."

ವೆಂಡೆಲೀನ್ ಬಂದು ಅವಳ ಇನ್ನೊಂದು ತೋಳು ಹಿಡಿದುಕೊಂಡ. ಮೂವರೂ ಮನೆಯ ಕಡೆ ಹೊರಟರು.